ಚೀಲ ಒಪ್ಪಿಸುವಾಗ

ನಿಶ್ಮಿತಾ, ಮುದ್ರೆ, ಮಸಿಪೆಟ್ಟಿಗೆ, ತಕ್ಕಡಿ,
ಎಲ್ಲ ಎಣಿಸಿ ಸಹಿ ಹಾಕಿದ್ದಾಯಿತು.
ಲೆಕ್ಕಕ್ಕೆ ಬಾರದ್ದು ಸ್ವಲ್ಪ ಉಳಿದಿದೆ, ಕೂತುಕೋ.
ಬಾಳೆಲೆಯಿಂದ ಹೊಳೆದಂಡೆಯ ಕೊನೆಮನೆಗೆ
ಹನ್ನೊಂದು ಕಿಲೋಮೀಟರು. ನನಗೆ ಇಪ್ಪತ್ತಾರು ವರ್ಷ.
ದಾರಿಯಲ್ಲಿ ಮನುಷ್ಯರು ಸಿಗುವುದು ಕಡಿಮೆ.

ಮೊದಲು ಮೋರಿ.
ಅಲ್ಲಿ ಸ್ಕೂಟರ್ ಆಫ್ ಮಾಡು, ಹಾರನ್ ಒತ್ತಬೇಡ.
ಹಿಂಡಿನ ಹಿರಿಯಳು, ಬಲಗಿವಿ ಹರಿದವಳು,
ಮುಂಗಾಲನ್ನು ಚಪ್ಪಡಿಯ ಮೇಲಿಟ್ಟು
ಭಾರ ಹಾಕದೆ ನಿಲ್ಲುತ್ತಾಳೆ.
ನಿನ್ನೆ ದಾಟಿದ ಮೋರಿಯೇ. ಮೊನ್ನೆಯೂ.
ಆದರೂ ಕಾಲಲ್ಲೇ ಕೇಳುತ್ತಾಳೆ: ಇವತ್ತು ಹೊರುತ್ತೀಯಾ?
ಕಲ್ಲು ಏನನ್ನುತ್ತದೋ.
ಆಮೇಲೆ ಮರಿಗಳು.

ನನ್ನ ಮನೆ ಹೊಸ್ತಿಲಲ್ಲಿ ನಾನೂ ಹಾಗೆ ನಿಂತಿದ್ದೇನೆ,
ಒಳಗೆ ಗಂಡ ಇವತ್ತು ಯಾವ ಮುಖದಲ್ಲಿದ್ದಾನೆಂದು
ಒಂದು ಕಾಲು ಮಾತ್ರ ಒಳಗಿಟ್ಟು.
ಹೆದರಿಕೆ ಎಂದುಕೊಂಡಿದ್ದೆ.
ಅವಳನ್ನು ಕಂಡ ಮೇಲೆ ಅದಕ್ಕೆ ಬೇರೆ ಹೆಸರಿದೆ ಅನ್ನಿಸಿತು.
ಯಾವುದೆಂದು ಇನ್ನೂ ಗೊತ್ತಿಲ್ಲ.

ತೋಟದ ಬಂಡೆಯ ಮೇಲೆ ಕಬ್ಬೆಕ್ಕು
ಕಾಫಿಹಣ್ಣು ತಿಂದು ಬೀಜ ಬಿಟ್ಟುಹೋಗುತ್ತದೆ,
ದಿನಾ ಅದೇ ಬಂಡೆ, ಗಿಡದಲ್ಲಿ ಮಾಗಿದ್ದನ್ನೇ ಆರಿಸಿ ತಿಂದದ್ದು.
ರೈಟರ್ ಭಾಸ್ಕರನ್ ಅದನ್ನು ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ
ನನ್ನ ಕೈಯಲ್ಲೇ ದೆಹಲಿಗೆ ಸ್ಪೀಡ್ ಪೋಸ್ಟ್ ಮಾಡಿಸುತ್ತಾನೆ.
"ಬೆಕ್ಕಿನ ತ್ಯಾಗ ನೋಡಕ್ಕಾ" ಎಂದ ಒಮ್ಮೆ.
ತ್ಯಾಗವೂ ಇಲ್ಲ, ಮಣ್ಣೂ ಇಲ್ಲ.
ಸಿಹಿ ತಿಂದಿತು,
ಕರಗದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ.
ನಾದಿನಿ ಆಡಿದ ಒಂದು ಮಾತು
ನನ್ನ ಹೊಟ್ಟೆಯಲ್ಲಿ ಒಂಬತ್ತು ವರ್ಷ ಇತ್ತು.

ಹಂದಿಗಳಿಂದ ಏನೂ ಕಲಿಯಲಿಲ್ಲ.
ಪ್ರಯತ್ನಪಟ್ಟೆ.
ಗೆಣಸಿನ ಪಾತಿ ಉತ್ತು ಹಾಕಿದವು, ನಾನು ಬೈದೆ, ಅಷ್ಟೆ.
ಕಾಡೇನು ನಮಗೋಸ್ಕರ ಶಾಲೆ ತೆರೆದು ಕೂತಿದೆಯಾ?

ಕೊನೆಮನೆ ಸುಬೇದಾರ್ ಮಂದಣ್ಣನವರದು.
ಪಿಥೋರಗಢದಿಂದ ಅವರ ಪಲ್ಟನ್ನಿನ ಗೆಳೆಯ
ತಿಂಗಳಿಗೊಂದು ಇನ್‌ಲ್ಯಾಂಡ್ ಬರೆಯುತ್ತಿದ್ದ, ಹಿಂದಿಯಲ್ಲಿ.
ಕಣ್ಣು ಮಂಜಾದ ಮೇಲೆ ಓದುತ್ತಿದ್ದವಳು ನಾನೇ.
ನಾನು ತಡವರಿಸಿದ ಕಡೆಯೆಲ್ಲ ಅವರು ನಗುತ್ತಿದ್ದರು.
ಹುತ್ತರಿ ಕಳೆದು ಒಂದು ವಾರಕ್ಕೆ ತೀರಿಕೊಂಡರು.
ಮರುತಿಂಗಳು ಕಾಗದ ಬಂತು.
ನಿಯಮ ಸುಲಭ: ವಿಳಾಸದಾರರು ನಿಧನ,
ಬರೆದು ಹಿಂದಕ್ಕೆ ಕಳಿಸುವುದು.
ಕಳಿಸಲಿಲ್ಲ. ಚೀಲದ ತಳದಲ್ಲಿಟ್ಟು
ಹನ್ನೊಂದು ದಿನ ಅದೇ ದಾರಿ ತಿರುಗಿದೆ.

ಅದೇ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಅತ್ತಿಮರದಲ್ಲಿ
ಒಂದು ಕೋತಿ ಸತ್ತ ಮರಿಯನ್ನು ಹೊತ್ತಿತ್ತು.
ಒಣಗಿ ಚಕ್ಕೆಯಾದ ಮರಿ.
ಅದರ ಮೇಲಿನ ನೊಣ ಓಡಿಸುತ್ತಿತ್ತು, ಹೇನು ಹೆಕ್ಕುತ್ತಿತ್ತು.
ಮಿಕ್ಕ ಕೋತಿಗಳು ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿದವು.
ಯಾರೂ ಬುದ್ಧಿ ಹೇಳಲಿಲ್ಲ,
ಯಾರೂ ಕಿತ್ತುಕೊಳ್ಳಲಿಲ್ಲ.
ಒಂದು ಬೆಳಗ್ಗೆ ಅದರ ಕೈ ಖಾಲಿ.
ಎಲ್ಲಿ ಇಟ್ಟು ಬಂತೋ.
ಬಲಗೈಯಲ್ಲಿ ಅರ್ಧ ಸೀಬೆ, ತಿನ್ನುತ್ತಿತ್ತು,
ಎಡಗೈ ಮಾತ್ರ ಎದೆಯ ಹತ್ತಿರ
ಇನ್ನೂ ಮಡಚಿಯೇ ಇತ್ತು.

ಅಂದು ಸಂಜೆ ಕೆಂಪು ಶಾಯಿ ತೆಗೆದೆ.
ನಿಯಮದ ಎರಡು ಪದ ಬರೆದೆ.
ಅದರ ಕೆಳಗೆ, ನಿಯಮದಲ್ಲಿಲ್ಲದ ಒಂದು ಸಾಲು,
ನನ್ನ ತಪ್ಪು ಹಿಂದಿಯಲ್ಲಿ:
ಹೋದ ಸಲದ ಕಾಗದಕ್ಕೆ ತುಂಬಾ ನಕ್ಕಿದ್ದರು.

ಇದನ್ನೆಲ್ಲ ನೀನು ನಂಬಬೇಕಿಲ್ಲ.
ನಿನಗೆ ಬೇರೆ ಮರ, ಬೇರೆ ಬಂಡೆ ಸಿಗಬಹುದು,
ಬರೀ ಹಂದಿಗಳೂ ಸಿಗಬಹುದು.
ಚೀಲದ ಎಡಬದಿ ಹೊಲಿಗೆ ಸಡಿಲ, ಹಗುರದ ಕಾಗದ ಆ ಕಡೆಗಿಡು.
ಮೂರು ಗಂಟೆಯ ಮೇಲೆ ಹೊಳೆದಾರಿ ಬೇಡ.
ತಡವೇಕಾಯಿತೆಂದು ಇನ್ಸ್‌ಪೆಕ್ಟರು ಕೇಳಿದರೆ
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಮ್ಮಿಲ್ಲ,
ಅಂಚಿನಲ್ಲಿ ಬರೆ: ಆನೆ.
ಹಳೆಯ ಪುಟ ತಿರುವಿ ನೋಡು,
ನನ್ನ ಅಕ್ಷರವೂ ಅಲ್ಲೇ ಇದೆ.